ಹನುಮಯ್ಯನವರ ಏಳರ ಜೋಡಿ

ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಚಿಕ್ಕಬಾಣಾವರದ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಮಾತಾಡುವವರು ಹನುಮಯ್ಯನವರು. ಆದರೆ ಅವರ ಮನೆಯ ಮುಂದೆ ನಿಂತು ಕಿವಿಗೊಟ್ಟರೆ ಟಿವಿಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅವರು ಮಾತಾಡುವುದು ಫೋನಿನಲ್ಲಿ, ಬಲಗೈಯ ತೋರುಬೆರಳಿನಿಂದ.

ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಇಲ್ಲಿ ಬರೆದಿರುವುದರಲ್ಲಿ ಕೆಲವು ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಹನುಮಯ್ಯನವರು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ್ದು, ಅವರ ಹೆಂಡತಿ ಬೈರಮ್ಮನವರು ಹೇಳಿದ್ದು. ಇಬ್ಬರ ಲೆಕ್ಕ ಒಂದಕ್ಕೊಂದು ಹೊಂದದಿದ್ದ ಕಡೆ ಹಾಗೆಂದೇ ಬರೆದಿದ್ದೇನೆ. ಬರೆದಾದ ಮೇಲೆ ಇಬ್ಬರಿಗೂ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.

ಹನುಮಯ್ಯನವರ ತಾತನ ಕಾಲದಿಂದಲೂ ಅವರದು ಇದೇ ಊರು. ಹತ್ತೊಂಬತ್ತನೆಯ ವಯಸ್ಸಿಗೆ ಅವರು ಸೈಕಲ್ಲಿನಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಎರಡನೇ ಹಂತದ ಒಂದು ಪ್ರೆಸ್ ಶಾಪಿಗೆ ಸೇರಿದರು. ಅಲ್ಲಿ ಕಬ್ಬಿಣದ ತಗಡನ್ನು ಯಂತ್ರದ ಡೈ, ಅಂದರೆ ಅಚ್ಚಿನ, ಕೆಳಗೆ ಇಟ್ಟು, ಕಾಲಿನಿಂದ ಪೆಡಲ್ ಒತ್ತಿ, ವಾಷರ್‌ಗಳನ್ನೂ ಫ್ಯಾನಿನ ಬಿಡಿಭಾಗಗಳನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದರು. ಆ ಕೆಲಸದಲ್ಲಿ ಅಷ್ಟು ವರ್ಷ ಕಳೆದವರ ಕೈ ನೋಡಿದರೆ ಒಂದೋ ಎರಡೋ ಬೆರಳು ಮೊಟಕಾಗಿರುತ್ತದೆ. ಹನುಮಯ್ಯನವರಿಗೆ ಹತ್ತೂ ಇವೆ. ಯಾರಾದರೂ ಹೊಸಬರು ಮನೆಗೆ ಬಂದರೆ ಅವರು ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಬೈರಮ್ಮನವರು ಪಕ್ಕದಿಂದ, “ಸಾಕು ಮಡಗು, ಅವ್ರ ಮನೇಲೂ ಅವೆ ಬೆರಳು” ಎನ್ನುತ್ತಾರೆ.

ಆ ಶೆಡ್ಡಿನಲ್ಲಿ ಹನ್ನೊಂದು ಪ್ರೆಸ್ಸುಗಳು ಒಟ್ಟಿಗೆ ಬಡಿಯುತ್ತಿದ್ದವಂತೆ. ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಕೆಲಸಗಾರರೇ ಒಂದು ದಾರಿ ಮಾಡಿಕೊಂಡಿದ್ದರು. ಜೇಬಿನಲ್ಲಿರುವ ಸ್ಪ್ಯಾನರ್ ತೆಗೆದು ಯಂತ್ರದ ಮೈಮೇಲೆ ಬಡಿಯುವುದು. ಒಂದು ಏಟು ಎಂದರೆ ನಿಲ್ಲಿಸು. ಎರಡು ಎಂದರೆ ಸರಿ, ಓಡಿಸು. ಮೂರು ಎಂದರೆ ಟೀ ಬಂತು. ಬಿಡದೆ ಬಡಿದರೆ ಕೈ ತೆಗಿ, ಅಪಾಯ. ಎಷ್ಟು ತುಂಡು ಬೇಕು ಎಂಬುದನ್ನೂ ಏಟಿನಲ್ಲೇ ಎಣಿಸಿ ಹೇಳುತ್ತಿದ್ದರು. ಪ್ರೆಸ್ಸುಗಳ ದಪ್ಪ ಸದ್ದಿನ ನಡುವೆ ಸ್ಪ್ಯಾನರಿನ ಸಣ್ಣ ಕಣಕಣ ಬೇರೆಯಾಗಿಯೇ ಕೇಳುತ್ತಿತ್ತಂತೆ.

ಐದು ವರ್ಷದ ಹಿಂದೆ ಅವರ ದನಿ ಒಡೆಯಿತು. ಬೀಡಿಯ ಕೆಮ್ಮು ಎಂದುಕೊಂಡು ಆರು ತಿಂಗಳು ಸುಮ್ಮನಿದ್ದರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಗಂಟಲಿನ ಗಂಟು ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವರು ಉಸಿರಾಡುವುದು ಕುತ್ತಿಗೆಯಲ್ಲಿರುವ ಸಣ್ಣ ತೂತಿನಿಂದ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಪುಟ್ಟ ಯಂತ್ರವನ್ನೂ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಮೊದಲ ದಿನ ಅದರಿಂದ ಹೊರಟ ಗುಂಯ್ ಎನ್ನುವ ದನಿ ಕೇಳಿ ಅವರ ತಮ್ಮನ ಮೊಮ್ಮಗಳು ಅಳುತ್ತಾ ಬೀದಿಗೆ ಓಡಿದಳು. ಹನುಮಯ್ಯನವರು ಅದನ್ನು ಡಬ್ಬಕ್ಕೆ ಹಾಕಿ ಬೀರುವಿನ ಮೇಲಿಟ್ಟರು. ಮನೆಯಲ್ಲಿ ಏನಾದರೂ ಬೇಕಾದರೆ ಹಳೆಯ ಹನ್ನೆರಡನೇ ನಂಬರಿನ ಸ್ಪ್ಯಾನರ್ ತೆಗೆದು ಕಿಟಕಿಯ ಸರಳಿಗೆ ಬಡಿಯುತ್ತಾರೆ. ಮೂರು ಏಟು ಕೇಳಿದರೆ ಬೈರಮ್ಮನವರು, “ಇದೇನ್ ಮನೆಯೋ ಫ್ಯಾಕ್ಟ್ರಿ ಕ್ಯಾಂಟೀನೋ” ಎಂದು ಗೊಣಗುತ್ತಾ ಟೀಗೆ ನೀರಿಡುತ್ತಾರೆ.

ಮೊದಲು ಅವರು ಊರಿಗೆಲ್ಲ ಬೇಕಾದ ಮಾತುಗಾರರಾಗಿದ್ದರು ಎಂದು ಬೈರಮ್ಮನವರು ಹೇಳುತ್ತಾರೆ. ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಕೂತರೆ ಎರಡು ರೈಲು ಹೋದರೂ ಏಳುತ್ತಿರಲಿಲ್ಲವಂತೆ. ಆಪರೇಷನ್ ಆದ ಮೇಲೆ ಅತ್ತ ಹೋಗುವುದನ್ನು ಬಿಟ್ಟರು. ಜನರ ಕಣ್ಣು ಮುಖ ಬಿಟ್ಟು ಕುತ್ತಿಗೆಯ ಬಟ್ಟೆಯ ಮೇಲೇ ನಿಲ್ಲುತ್ತದೆ ಎಂದು ಅವರು ನನಗೆ ಬರೆದು ತೋರಿಸಿದ್ದಾರೆ.

ಹೀಗೆ ಮನೆಯಲ್ಲೇ ಕೂತವರಿಗೆ ಸಿಕ್ಕಿದ್ದು “ಮೇಜಿನ ಮೇಲೆ ಐದು” ಎಂಬ ಕಾರ್ಯಕ್ರಮ. ನಮ್ಮ ಕಡೆಯ ಕೇಬಲ್ಲಿನಲ್ಲಿ ಬರುವ ಪೋಕರ್ ಆಟ. ಆರು ಜನ ಆಟಗಾರರು. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮಗುಚಿ ಕೊಡುತ್ತಾರೆ. ಮೇಜಿನ ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಒಂದೊಂದಾಗಿ ತೆರೆಯುತ್ತಾರೆ. ಎಲ್ಲ ಸೇರಿಸಿ ಯಾರ ಕೈ ದೊಡ್ಡದೋ ಅವರು ಗೆದ್ದಂತೆ. ದುಡ್ಡು ಕಟ್ಟುವುದಿಲ್ಲ, ಬಣ್ಣದ ಬಿಲ್ಲೆಗಳನ್ನು ಮುಂದೆ ತಳ್ಳಿ ಪಣ ಒಡ್ಡುತ್ತಾರೆ ಅಷ್ಟೇ. ಆಟಗಾರರ ಮಗುಚಿದ ಎಲೆಗಳನ್ನು ನಮಗೆ ಮಾತ್ರ ಕ್ಯಾಮೆರಾ ತೋರಿಸುತ್ತದೆ. ಟೋಪಿ ಹಾಕಿದ ಒಬ್ಬ ಕೈಯಲ್ಲಿ ಏನೂ ಇಲ್ಲದೆ ಎದೆ ಉಬ್ಬಿಸಿ ಕೂತಿರುತ್ತಾನೆ, ಇನ್ನೊಬ್ಬಳು ಎರಡು ಎಕ್ಕ ಇಟ್ಟುಕೊಂಡು ಆಕಳಿಸುತ್ತಿರುತ್ತಾಳೆ. ಮನೆಯಲ್ಲಿ ಕೂತವರಿಗೆ ಅದೇ ಮಜಾ.

ಟಿವಿಯ ಬಲಗಡೆ ನೋಡುಗರ ಚಾಟ್ ಓಡುತ್ತಿರುತ್ತದೆ. ಅಲ್ಲಿ ಅವರ ಹೆಸರು “ಪ್ರೆಸ್ ಹನುಮಯ್ಯ”. ನಾನು ಆ ಚಾಟನ್ನು ಓದುವವಳು, ಬರೆಯುವವಳಲ್ಲ. ಒಂದು ಭಾನುವಾರದ್ದನ್ನು ಹಾಗೆಯೇ ಇಳಿಸಿಕೊಂಡಿದ್ದೆ:

ಕೊಟ್ರೇಶ್ ಬೊಮ್ಮಸಂದ್ರ: ಟೋಪಿಯವ ಬಿಲ್ಲಿ ಎಲ್ಲಾ ತಳ್ಳಿದ ನೋಡ್ರಿ. ಸತ್ತ ಇವತ್ತು.

ಪ್ರೆಸ್ ಹನುಮಯ್ಯ: ಡೈ ಕೂರೋಕ್ ಮುಂಚೆ ಪೆಡಲ್ ಒತ್ತಿದ್ರೆ ಇನ್ನೇನಾಗ್ತದೆ ಮಗಾ.

ಆನೇಕಲ್ ಪಿಳ್ಳಮ್ಮ: ಈ ಅಣ್ಣ ಬಾಯ್ ಬಿಟ್ರೆ ಅರ್ಧ ಆಟ ಅರ್ಧ ಫ್ಯಾಕ್ಟ್ರಿ.

ಸ್ಫೂರ್ತಿ ವೈಟ್‌ಫೀಲ್ಡ್: ಹನುಮಯ್ಯ ಅಂಕಲ್ ಕಾಮೆಂಟ್ರಿ ಹೇಳಿದ್ರೆ ಟಿವಿ ಮ್ಯೂಟ್ ಮಾಡ್ಬಿಡ್ತೀನಿ.

ಪಿಳ್ಳಮ್ಮ ಆನೇಕಲ್ ಸಂತೆಯಲ್ಲಿ ಸೊಪ್ಪು ಮಾರುವವರು. ಕೊಟ್ರೇಶ್ ಹರಪನಹಳ್ಳಿ ಕಡೆಯವನು, ಪೀಣ್ಯದಲ್ಲಿ ಎರಡು ವರ್ಷ ಪ್ರೆಸ್ ಕೆಲಸ ಕಲಿತು ಈಗ ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದಲ್ಲಿದ್ದಾನೆ. ಸ್ಫೂರ್ತಿ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಯಾರೂ ಯಾರ ಮುಖವನ್ನೂ ಕಂಡವರಲ್ಲ. ಹನುಮಯ್ಯನವರಿಗೆ ದನಿ ಇಲ್ಲವೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಅವರಿಗೂ ಬೇಕಿರಲಿಲ್ಲ. ಗೊತ್ತಾದರೆ ಎಲ್ಲರೂ “ಅಯ್ಯೋ ಪಾಪ” ಎನ್ನಲು ಶುರುಮಾಡುತ್ತಾರೆ, ಆಮೇಲೆ ಯಾರೂ ತಮಾಷೆ ಮಾಡುವುದಿಲ್ಲ, ಟೀ ಅಂಗಡಿ ಹೋದ ಹಾಗೆ ಇದೂ ಹೋಗುತ್ತದೆ ಎಂದು ಅವರ ಹೆದರಿಕೆ.

ಕೊಟ್ರೇಶ್ ಮಾತ್ರ ಬಿಡುತ್ತಿರಲಿಲ್ಲ. “ಅಣ್ಣಾ, ನಂಬರ್ ಕೊಡ್ರಿ, ಒಂದ್ಸಲ ನಿಮ್ ದನಿ ಕೇಳ್ಬೇಕು” ಎಂದು ಬರೆಯುತ್ತಿದ್ದ. ಹನುಮಯ್ಯನವರು, “ನಮ್ ಮನೇಲಿ ನೆಟ್‌ವರ್ಕ್ ಇಲ್ಲ” ಎಂದು ಉತ್ತರಿಸುತ್ತಿದ್ದರು. “ಚಾಟಿಗೆ ಐತಿ, ಫೋನಿಗೆ ಇಲ್ಲೇನ್ರಿ? ಎಂಥಾ ನೆಟ್‌ವರ್ಕ್ ರೀ ಅದು!” ಎಂದು ಕೊಟ್ರೇಶ್ ಕೇಳಿದಾಗ ಹನುಮಯ್ಯನವರು ನಗುವ ಮುಖದ ಚಿತ್ರ ಹಾಕಿ ಆಟದ ಕಡೆ ಮಾತು ತಿರುಗಿಸುತ್ತಿದ್ದರು.

ಪ್ರತಿ ಭಾನುವಾರ ಒಂದು ಲಕ್ಕಿ ಡ್ರಾ ಇರುತ್ತದೆ. ಚಾಟಿನಲ್ಲಿ ಬರೆಯುವ ಹೆಸರನ್ನೂ ಒಂದು ಫೋನ್ ನಂಬರನ್ನೂ ಮೆಸೇಜ್ ಮಾಡಿದರೆ ಚೀಟಿ ಬರೆದು ಗಾಜಿನ ಬುಟ್ಟಿಗೆ ಹಾಕುತ್ತಾರೆ. ಕಾರ್ಯಕ್ರಮ ನಡೆಸುವ ಹರ್ಷವರ್ಧನ್ ಒಂದು ಚೀಟಿ ಎತ್ತಿ ಅಲ್ಲಿಂದಲೇ ಫೋನ್ ಮಾಡುತ್ತಾರೆ. ಆಗ ತಾನೇ ಗೆದ್ದ ಕೈ ಯಾವುದೆಂದು ಚೀಟಿಯಲ್ಲಿ ಹೆಸರಿರುವವರೇ ಮೂವತ್ತು ಸೆಕೆಂಡಿನೊಳಗೆ ಫೋನಿನಲ್ಲಿ ಹೇಳಬೇಕು. ಚಾಟಿನಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ. ಹೇಳದಿದ್ದರೆ ಎರಡನೇ ಚೀಟಿ. ಹನುಮಯ್ಯನವರು ನೋಡಲು ಶುರುಮಾಡಿದ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಹೆಸರು ಕಳಿಸಿರಲಿಲ್ಲ.

ಕಳೆದ ಫೆಬ್ರವರಿಯ ಎರಡನೇ ವಾರದ ಬಹುಮಾನ ಒಂದು ಗ್ರೈಂಡರ್. ಬೈರಮ್ಮನವರ ಹಳೆಯ ಗ್ರೈಂಡರಿನ ಕಲ್ಲು ಸವೆದು ಉದ್ದಿನಬೇಳೆ ಅರ್ಧ ಹಾಗೇ ಉಳಿಯುತ್ತಿತ್ತು. ಅವರು ಪಕ್ಕದ ಮನೆಯ ಲಾವಣ್ಯಕ್ಕನಿಂದ ಮೆಸೇಜ್ ಬರೆಸಿ, ಗಂಡನ ಚಾಟಿನ ಹೆಸರನ್ನೂ ತಮ್ಮ ಫೋನ್ ನಂಬರನ್ನೂ ಕಳಿಸಿಬಿಟ್ಟರು. ಫೋನ್ ಬಂದರೆ ತಾವೇ ಮಾತಾಡಿದರಾಯಿತು ಎಂದುಕೊಂಡಿದ್ದರು. ಹೆಸರಿರುವವರೇ ಹೇಳಬೇಕೆಂಬ ನಿಯಮ ಅವರ ಕಿವಿಗೆ ಬಿದ್ದೇ ಇರಲಿಲ್ಲ, ಏಕೆಂದರೆ ಆ ಹೊತ್ತಿಗೆ ಅವರು ಯಾವಾಗಲೂ ಹಾಲು ತರಲು ಹೋಗಿರುತ್ತಿದ್ದರು.

ಆ ಭಾನುವಾರ ಹಾಲಿಗೆ ಹೋಗಲಿಲ್ಲ. ಬಾಡಿಗೆ ಕೊಡಲು ಕೆಳಗೆ ಬಂದಿದ್ದ ನನ್ನನ್ನೂ ಕೂರಿಸಿಕೊಂಡರು. ಆಟ ಬಿರುಸಾಗಿತ್ತು. ಟೋಪಿಯವನ ಕೈಯಲ್ಲಿ ಎಕ್ಕ ಮತ್ತು ರಾಜ. ಎದುರಿಗಿದ್ದ ಹೆಂಗಸಿನ ಕೈಯಲ್ಲಿ ಎರಡು ಏಳು. ಅವನು ಮತ್ತೆ ಬಿಲ್ಲೆಗಳನ್ನೆಲ್ಲ ತಳ್ಳಿದ. ಆಕೆ ತುಂಬ ಹೊತ್ತು ಯೋಚಿಸಿ ತನ್ನವನ್ನೂ ತಳ್ಳಿದಳು. ಮೇಜಿನ ಐದೂ ಎಲೆ ತೆರೆದರೂ ಎಕ್ಕವೂ ಬರಲಿಲ್ಲ, ರಾಜನೂ ಬರಲಿಲ್ಲ. ಏಳರ ಜೋಡಿ ಗೆದ್ದಿತು. “ಆಯಮ್ಮ ಬಿಡಲ್ಲ ಅಂತ ಆಗ್ಲೇ ಅಂದ್ನಲ್ಲ” ಎಂದು ಹನುಮಯ್ಯನವರು ಚಾಟಿನಲ್ಲಿ ಬರೆಯುತ್ತಿದ್ದಾಗ ಬೈರಮ್ಮನವರ ಮಡಿಲಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ಐದು ಇಪ್ಪತ್ತಾಗಿತ್ತು ಎಂದು ಹನುಮಯ್ಯನವರು, ಐದೂವರೆ ಎಂದು ಬೈರಮ್ಮನವರು. ಬೈರಮ್ಮನವರು ಫೋನ್ ಎತ್ತಿ ಸ್ಪೀಕರ್ ಹಾಕಿದರು.

“ನಮಸ್ಕಾರ, ‘ಮೇಜಿನ ಮೇಲೆ ಐದು’ ಇಂದ ಹರ್ಷವರ್ಧನ್! ಪ್ರೆಸ್ ಹನುಮಯ್ಯನವರಾ? ಟಿವಿ ಸದ್ದು ತೆಗೀರಿ ಸಾರ್, ಇಲ್ಲಾಂದ್ರೆ ಕುಯ್ಯೋ ಅನ್ನುತ್ತೆ.”

ಬೈರಮ್ಮನವರು ಸದ್ದು ತೆಗೆದರು. “ನಾನು ಅವ್ರ ಎಂಡ್ರು ಸಾಮಿ. ನಾನೇ ಯೋಳ್ತೀನಿ—”

“ತಡೀರಿ ತಡೀರಿ ಅಮ್ಮ! ಚೀಟಿಯಲ್ಲಿರೋ ಹೆಸರಿನವರೇ ಹೇಳ್ಬೇಕು, ಬೇರೆಯವರು ಹೇಳಿದ್ರೆ ನಡೆಯಲ್ಲ. ಅವರ ಕೈಗೆ ಕೊಡಿ. ಮೂವತ್ತು ಸೆಕೆಂಡು, ಈಗಿಂದ ಶುರು.”

ಬೈರಮ್ಮನವರು ಗಂಡನ ಮುಖ ನೋಡಿದರು. ಹನುಮಯ್ಯನವರಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಕಣ್ಣಲ್ಲೇ ಹೆಂಡತಿಯನ್ನು ಬೈದರು. ಅವರು ಫೋನ್ ಕಟ್ ಮಾಡಬಹುದಿತ್ತು. ಬೈರಮ್ಮನವರು ಫೋನನ್ನು ಚಾಚಿ ಹಿಡಿದು, “ಮಾಡು ಮಾಡು, ಏನಾರ ಮಾಡು” ಎಂದರು.

ಹನುಮಯ್ಯನವರು ಸ್ಪ್ಯಾನರ್ ತೆಗೆದುಕೊಂಡು ಫೋನಿನ ಹತ್ತಿರ ಕಿಟಕಿಯ ಸರಳಿಗೆ ಬಡಿದರು. ಏಳು ಏಟು. ಸ್ವಲ್ಪ ಬಿಟ್ಟು ಮತ್ತೆ ಏಳು. ಕೊನೆಗೆ ಎರಡು, ಸರಿ ಎನ್ನುವ ಹಾಗೆ. ತಾನು ಬಡಿಯಬೇಕೆಂದು ತೀರ್ಮಾನಿಸಲಿಲ್ಲ, ಕೈ ತಾನೇ ಹೋಯಿತು ಎಂದು ಆಮೇಲೆ ಬರೆದು ತೋರಿಸಿದರು.

“ಹಲೋ? ಹನುಮಯ್ಯನವರೇ? ಯಾರೋ ಮನೆ ರಿಪೇರಿ ಇಟ್ಕೊಂಡಿದಾರೆ ಅನ್ಸುತ್ತೆ” ಎಂದು ಹರ್ಷವರ್ಧನ್ ನಕ್ಕರು. “ಹಲೋ... ಇಲ್ಲ, ಲೈನ್ ಸರಿ ಇಲ್ಲ. ಸಮಯ ಮುಗೀತು, ಕ್ಷಮಿಸಿ ಸಾರ್.” ಅವರು ಎರಡನೇ ಚೀಟಿ ಎತ್ತಿ ಓದಿದರು. ಅದು ಆನೇಕಲ್ ಪಿಳ್ಳಮ್ಮನವರದು.

ಆ ಕಾರ್ಯಕ್ರಮ ಸ್ಟುಡಿಯೋದಿಂದ ಹೊರಟು ನಮ್ಮ ಮನೆಗಳ ಟಿವಿಗೆ ಬರುವುದಕ್ಕೆ ಸುಮಾರು ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ನಾನು ಆಮೇಲೆ ರೆಕಾರ್ಡಿಂಗನ್ನು ಮೂರು ಸಲ ಎಣಿಸಿ ನೋಡಿದ್ದೇನೆ. ಹನುಮಯ್ಯನವರ ಮೊದಲ ಏಟು ಬಿದ್ದದ್ದು ಹನ್ನೆರಡನೇ ಸೆಕೆಂಡಿಗೆ, ಕೊನೆಯದು ಇಪ್ಪತ್ತನಾಲ್ಕನೇ ಸೆಕೆಂಡಿಗೆ. ಅಂದರೆ ಉತ್ತರ ಸಮಯದೊಳಗೇ ಹೋಗಿತ್ತು. ಆದರೆ ಅದನ್ನು ತಿಳಿಯಬಲ್ಲವರ ಕಿವಿಗೆ ಅದು ಬೀಳುವ ಹೊತ್ತಿಗೆ ಎರಡನೇ ಚೀಟಿ ತೆರೆದಾಗಿತ್ತು.

ಹನುಮಯ್ಯನವರು ತಮ್ಮ ಫೋನನ್ನು ಮಗುಚಿ ಮಂಚದ ಮೇಲಿಟ್ಟು ಎದ್ದುಬಿಟ್ಟರು. ಬೈರಮ್ಮನವರು ಟಿವಿಯ ಸದ್ದು ಏರಿಸಿದರು. ಪರದೆಯ ಬಲಗಡೆ ಚಾಟ್ ಓಡುವ ವೇಗಕ್ಕೆ ಓದಲೇ ಆಗುತ್ತಿರಲಿಲ್ಲ.

ಕೊಟ್ರೇಶ್ ಬೊಮ್ಮಸಂದ್ರ: ಕಟ್ ಮಾಡಬ್ಯಾಡ್ರೀ ಸಾರ್!!

ಕೊಟ್ರೇಶ್ ಬೊಮ್ಮಸಂದ್ರ: ಅದು ರಿಪೇರಿ ಅಲ್ರೀ. ಪ್ರೆಸ್ ಶಾಪಿನ ಮಾತು. ಏಳು ಏಳು ಹೊಡದಾರ. ಏಳರ ಜೋಡಿ!

ಸ್ಫೂರ್ತಿ ವೈಟ್‌ಫೀಲ್ಡ್: ನಾನೂ ಎಣಿಸಿದೆ. 7, ಗ್ಯಾಪ್, 7.

ಆನೇಕಲ್ ಪಿಳ್ಳಮ್ಮ: ನಂಗ್ ಫೋನ್ ಬಂತು, ಉತ್ರ ಹೇಳ್ಬಿಟ್ಟೆ. ಈಗ ಏನ್ ಮಾಡ್ಲಿ?

ಹರ್ಷವರ್ಧನ್ ನಗು ನಿಲ್ಲಿಸಿ ಚಾಟನ್ನು ಓದಿದರು. ರೆಕಾರ್ಡಿಂಗನ್ನು ಮತ್ತೆ ಹಾಕಿಸಿದರು. ಕಣ ಕಣ ಎಂದು ಏಳು ಏಟು, ಮತ್ತೆ ಏಳು ಏಟು ಇಡೀ ಊರಿಗೆ ಕೇಳಿಸಿತು. “ತಪ್ಪು ನನ್ನದು. ಹನುಮಯ್ಯನವರೇ, ಕ್ಷಮಿಸಿ” ಎಂದರು. “ಆದ್ರೆ ಎರಡನೇ ಚೀಟಿ ತೆಗೆದ ಮೇಲೆ ಹಿಂದಕ್ಕೆ ಹೋಗೋ ಹಾಗಿಲ್ಲ, ನಿಯಮ ಹಾಗಿದೆ.”

ಅಷ್ಟರಲ್ಲಿ ಯಾರೋ ಹೊಸಬರು ಚಾಟಿನಲ್ಲಿ ಕೇಳಿದರು: “ಬಾಯಲ್ಲಿ ಹೇಳೋಕೇನಾಗಿತ್ತಂತೆ ಇವ್ರಿಗೆ?”

ಹನುಮಯ್ಯನವರು ಬಾಗಿಲ ಹತ್ತಿರ ನಿಂತೇ ಅದನ್ನು ಟಿವಿಯಲ್ಲಿ ಓದಿದರು. ಬೈರಮ್ಮನವರಿಗೆ ಓದಲು ಬಾರದು. ಆದರೂ ಗಂಡನ ಮುಖ ನೋಡಿ, “ಏನ್ ಕೇಳ್ತಾವ್ರೆ?” ಎಂದರು. ಅವರು ಕುತ್ತಿಗೆಯ ಬಟ್ಟೆ ಮುಟ್ಟಿ ತೋರಿಸಿದರು. “ಯೋಳ್ಬಿಡು ಅತ್ಲಾಗೆ” ಎಂದರು ಬೈರಮ್ಮನವರು. “ಕದ್ದೇನ್ ತಂದಿದ್ಯಾ? ಬದುಕಿ ಬಂದಿದ್ಯ.”

ಅವರು ಮಂಚದ ಮೇಲೆ ಕೂತು ಫೋನನ್ನು ತಿರುಗಿಸಿದರು. ಒಂದೇ ಬೆರಳಿನಲ್ಲಿ ಎರಡು ನಿಮಿಷ ಬರೆದರು. ನಡುವೆ ಒಮ್ಮೆ ಎಲ್ಲವನ್ನೂ ಅಳಿಸಿ ಮತ್ತೆ ಶುರುಮಾಡಿದರು.

ಪ್ರೆಸ್ ಹನುಮಯ್ಯ: ನನಗೆ ದನಿ ಇಲ್ಲ. ಕಾಯಿಲೆ ಬಂದು ಗಂಟಲಿನ ಪೆಟ್ಟಿಗೆ ತೆಗೆದು ನಾಲ್ಕು ವರ್ಷ ಆಯ್ತು. ನಿಮಗೆ ಹೇಳಿರಲಿಲ್ಲ. ಪಿಳ್ಳಮ್ಮ, ಗ್ರೈಂಡರ್ ನೀನೇ ಇಟ್ಕೊ. ಬಿದ್ದ ಎಲೆ ವಾಪಸ್ ಎತ್ತಬಾರದು.

ಹನುಮಯ್ಯನವರು ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು.

ಕೊಟ್ರೇಶ್ ಬೊಮ್ಮಸಂದ್ರ: ಅಂದ್ರ ನೆಟ್‌ವರ್ಕ್ ಇಲ್ಲ ಅಂತಿದ್ರಲ್ಲ, ಅದು ಈ ನೆಟ್‌ವರ್ಕ್ ಏನಣ್ಣಾ?

ಹನುಮಯ್ಯನವರ ಭುಜ ಕುಲುಕಿತು. ಅವರು ನಗುವಾಗ ದನಿ ಬರುವುದಿಲ್ಲ, ಭುಜ ಮಾತ್ರ ಕುಲುಕುತ್ತದೆ.

ಆನೇಕಲ್ ಪಿಳ್ಳಮ್ಮ: ಬಾಯಿಲ್ದೇನೇ ಇಷ್ಟ್ ಮಾತಾಡ್ತೀಯಲ್ಲ ಅಣ್ಣೋ, ಬಾಯಿದ್ದಿದ್ರೆ ನಮ್ಮನ್ನ ಉಳಿಸ್ತಿದ್ಯಾ?

ಕೊಟ್ರೇಶ್ ಬೊಮ್ಮಸಂದ್ರ: ಟಕ್ ಟಕ್.

ಅದೇನೆಂದು ಸ್ಫೂರ್ತಿ ಕೇಳಿದಳು. ಎರಡು ಏಟು ಎಂದರೆ ಸರಿ, ಓಡಿಸು ಎಂದು ಕೊಟ್ರೇಶ್ ವಿವರಿಸಿದ. ಆಮೇಲೆ ಅವಳೂ ಟಕ್ ಟಕ್ ಎಂದು ಬರೆದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಬಾಯಲ್ಲಿ ಹೇಳೋಕೇನಾಗಿತ್ತು ಎಂದು ಕೇಳಿದ್ದ ಹೊಸಬರೂ ಬರೆದರು. ಪರದೆಯ ಬಲಭಾಗವೆಲ್ಲ ಅದೇ ತುಂಬಿತು. ಹರ್ಷವರ್ಧನ್ ತಮ್ಮ ಪೆನ್ನಿನಿಂದ ಮೇಜನ್ನು ಎರಡು ಸಲ ತಟ್ಟಿ ಮುಂದಿನ ಆಟ ಶುರುಮಾಡಿದರು. ಅಷ್ಟರಲ್ಲೇ ಹನುಮಯ್ಯನವರು, “ಟೋಪಿಯವ್ನು ಮತ್ತೆ ಬಂದ. ಇವ್ನಿಗೂ ಪ್ರೆಸ್ಸಿನ ಹಂಗೆ ಸೇಫ್ಟಿ ಗಾರ್ಡ್ ಹಾಕ್ಸಿ ಯಾರಾದ್ರೂ” ಎಂದು ಬರೆದಾಗಿತ್ತು.

ಬೈರಮ್ಮನವರಿಗೆ ಮಾತ್ರ ಗ್ರೈಂಡರ್ ಹೋದದ್ದಕ್ಕೆ ಹೊಟ್ಟೆ ಉರಿಯಿತು. “ಹನ್ನೆರಡು ಸೆಕೆಂಡು ನನ್ ಮಕ ನೋಡ್ತಾ ಕುಂತಿದ್ಯಲ್ಲ, ಅದ್ರಲ್ಲೇ ಹೋಯ್ತು” ಎಂದು ವಾರವಿಡೀ ಹೇಳಿದರು.

ಎರಡು ವಾರ ಕಳೆದ ಮೇಲೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಟ್ರೇಶ್, ಪಿಳ್ಳಮ್ಮ, ಸ್ಫೂರ್ತಿ ಮೂವರೂ ಚಿಕ್ಕಬಾಣಾವರಕ್ಕೆ ಬರುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಹನುಮಯ್ಯನವರು ಬೀರುವಿನ ಮೇಲಿನ ಡಬ್ಬ ಇಳಿಸಿ, ಮಾತಿನ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿದರು. ಹಿತ್ತಲಿಗೆ ಹೋಗಿ ಒಬ್ಬರೇ ಏನನ್ನೋ ಹೇಳಿ ನೋಡಿಕೊಂಡರು. ಮಹಡಿಯ ಮೆಟ್ಟಿಲವರೆಗೆ ಗುಂಯ್ ಎಂದು ಕೇಳಿಸಿತು. ಏನೆಂದು ತಿಳಿಯಲಿಲ್ಲ. ಎರಡನೇ ಸಲಕ್ಕೆ “ಬನ್ನಿ” ಎಂಬುದು ಸ್ಪಷ್ಟವಾಗಿತ್ತು.

ಭಾನುವಾರ ಹತ್ತೂಕಾಲಿಗೆ ಗೇಟಿನ ಹತ್ತಿರ ಸದ್ದಾಯಿತು. ಬಾಗಿಲ ಪಕ್ಕದಲ್ಲಿ ಕರೆಗಂಟೆ ಇದ್ದರೂ ಯಾರೂ ಒತ್ತಲಿಲ್ಲ. ಗೇಟಿನ ಕಬ್ಬಿಣಕ್ಕೆ ಕೀಲಿಕೈಯಿಂದ ಎರಡು ಏಟು ಬಿತ್ತು. ಕಣ್, ಕಣ್.

ಹನುಮಯ್ಯನವರು ಬಾಗಿಲು ತೆಗೆದರು. ಹೊರಗೆ ಇಪ್ಪತ್ತೈದು ವರ್ಷದ ತೆಳ್ಳನೆಯ ಕೊಟ್ರೇಶ್ ಕೀಲಿಕೈ ಹಿಡಿದು ನಿಂತಿದ್ದ. ಅವನ ಕಣ್ಣು ಒಂದು ಕ್ಷಣ ಕುತ್ತಿಗೆಯ ಬಟ್ಟೆಯ ಮೇಲೆ ಹೋಯಿತು, ಆಮೇಲೆ ಹನುಮಯ್ಯನವರ ಕೈಗಳ ಕಡೆ ಇಳಿಯಿತು. “ಹತ್ತೂ ಅದಾವಲ್ಲೋ ಅಣ್ಣಾ!” ಎಂದ. ತನ್ನ ಎಡಗೈ ಎತ್ತಿ ತೋರಿಸಿದ. ಕಿರುಬೆರಳು ಅರ್ಧವೇ ಇತ್ತು.

ಅವನ ಹಿಂದೆ ಸ್ಫೂರ್ತಿ, ಅವಳ ಹಿಂದೆ ಪಿಳ್ಳಮ್ಮ. ಪಿಳ್ಳಮ್ಮನವರು ಮೂರು ಬಸ್ಸು ಬದಲಿಸಿ ಬಂದಿದ್ದರು. ಸೊಂಟದ ಮೇಲೆ ಮುಚ್ಚಳ ಬಿಗಿದ ದೊಡ್ಡ ಸ್ಟೀಲ್ ಡಬ್ಬ. ಅದನ್ನು ನೇರವಾಗಿ ಬೈರಮ್ಮನವರ ಕೈಗಿಟ್ಟರು.

“ಹೊಸ ಗ್ರೈಂಡರಲ್ಲಿ ಮೊದ್ಲು ರುಬ್ಬಿದ್ದು ನಿಮ್ಗೇ ಕಣಕ್ಕ. ದೋಸೆ ಹಿಟ್ಟು. ಬಿಸಿಲಿಗೆ ಬಸ್ಸಲ್ಲೇ ಹುಳಿ ಬಂದ್ಬಿಟ್ಟೈತೆ.”

ಬೈರಮ್ಮನವರು ಮುಚ್ಚಳ ತೆಗೆದು, ಬೆರಳಲ್ಲಿ ಹಿಟ್ಟನ್ನು ಉಜ್ಜಿ ನೋಡಿದರು. “ಬೇಳೆ ಸಣ್ಣಕೆ ಆಗೈತೆ. ಒಳ್ಳೆ ಮಿಷಿನ್ನು” ಎಂದು ನಿಟ್ಟುಸಿರು ಬಿಟ್ಟು, “ಒಳಿಕ್ ಬಾ ತಾಯಿ, ಕಾವಲಿ ಇಡ್ತೀನಿ” ಎಂದು ಒಳಗೆ ಕರೆದುಕೊಂಡು ಹೋದರು.

ಎಲ್ಲರೂ ಕೂತ ಮೇಲೆ ಹನುಮಯ್ಯನವರು ಯಂತ್ರವನ್ನು ಕುತ್ತಿಗೆಗೆ ಒತ್ತಿದರು. “ಬನ್ನಿ” ಎಂದರು. ಬಂದವರು ಆಗಲೇ ಬಂದು ಕೂತಿದ್ದರು. ಕೊಟ್ರೇಶ್ ನಕ್ಕುಬಿಟ್ಟ, “ಇಪ್ಪತ್ತು ಸೆಕೆಂಡ್ ಲೇಟ್ ಅಣ್ಣಾ, ಟಿವಿ ಹಂಗ” ಎಂದ. ಹನುಮಯ್ಯನವರ ಭುಜ ಕುಲುಕತೊಡಗಿತು. ಯಂತ್ರವನ್ನು ಪಕ್ಕಕ್ಕಿಟ್ಟು ಸ್ಪ್ಯಾನರ್ ತೆಗೆದುಕೊಂಡು ಕಿಟಕಿಯ ಸರಳಿಗೆ ಮೂರು ಏಟು ಹೊಡೆದರು.

“ಟೀ!” ಎಂದು ಕೊಟ್ರೇಶ್ ಕೂಗಿದ.

“ಗೊತ್ತು ಕಣಪ್ಪಾ” ಎಂದರು ಒಳಗಿನಿಂದ ಬೈರಮ್ಮನವರು. “ನೀರ್ ಇಟ್ಟಾಯ್ತು.”